ಪೈಥಾನ್‌ನಿಂದ ದಿನವೂ ಹೊಸ ಕನ್ನಡ ವಾಕ್ಯ

ಮಕ್ಕಳಿಗೆ ಶುದ್ಧಬರಹ ಹೇಳಿಕೊಡುವವರಿಗೆ, ಕನ್ನಡ ಟೈಪಿಂಗ್ ಕಲಿಯುವವರಿಗೆ ದಿನವೂ ಹೊಸ ವಾಕ್ಯ ಬೇಕು. ಆ ಕೆಲಸವನ್ನು ಒಂದು ಸ್ಕ್ರಿಪ್ಟ್‌ಗೆ ಒಪ್ಪಿಸಬಹುದು. ಸ್ಕ್ರಿಪ್ಟ್ ಅಂದರೆ ಕಂಪ್ಯೂಟರು ಸಾಲು ಸಾಲಾಗಿ ಓದಿ ಪಾಲಿಸುವ ಚಿಕ್ಕ ಪ್ರೋಗ್ರಾಂ. ಕೃತಕ ಬುದ್ಧಿಮತ್ತೆಯ ಗೊಡವೆ ಇಲ್ಲಿಲ್ಲ.

ಸ್ಕ್ರಿಪ್ಟ್‌ಗೆ ನೀವು ಕೊಡುವುದು ಒಂದು ಗ್ರಾಮರ್, ಅಂದರೆ ನಿಯಮಗಳ ಪಟ್ಟಿ. 'ವಾಕ್ಯ' ಎಂದರೆ ಯಾರು, ಎಲ್ಲಿಂದ, ಎಲ್ಲಿಗೆ, ಏನು, ಕ್ರಿಯಾಪದ. 'ಯಾರು' ಎಂದರೆ ಅಣ್ಣ, ಮಾವ, ರೈತ ಇತ್ಯಾದಿ. ಪ್ರತಿ ಜಾಗಕ್ಕೂ ಚೀಟಿ ಎತ್ತಿದ ಹಾಗೆ ಒಂದು ಪದ ಬರುತ್ತದೆ. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಇದಕ್ಕೆ 'ರ‍್ಯಾಂಡಮ್.ಚಾಯ್ಸ್' ಎಂಬ ಸಿದ್ಧ ಆದೇಶವಿದೆ. "ಅಣ್ಣ ತಿಕೋಟಾದಿಂದ ವಿಜಯಪುರಕ್ಕೆ ದ್ರಾಕ್ಷಿ ತಂದ" ಎಂಬ ವಾಕ್ಯ ಹುಟ್ಟುವುದು ಹೀಗೆ. ಐದು ಜನ, ಆರು ಊರು, ನಾಲ್ಕು ಸರಕು ಕೊಟ್ಟರೆ, ಹೊರಡುವ ಊರು ಮತ್ತು ತಲುಪುವ ಊರು ಬೇರೆ ಬೇರೆಯಾಗಿರುವ 600 ವಾಕ್ಯ ಸಿಗುತ್ತವೆ.

ಊರಿನ ಹೆಸರಿಗೆ 'ಕ್ಕೆ' ಅಂಟಿಸಿದರೆ ಮುಗಿಯಿತಲ್ಲ ಎನ್ನುತ್ತೀರಾ? ಬಬಲೇಶ್ವರಕ್ಕೆ ಸರಿ, 'ಇಂಡಿಕ್ಕೆ' ತಪ್ಪು, ಇಂಡಿಗೆ ಆಗಬೇಕು. ಆದ್ದರಿಂದ ಪ್ರತಿ ಊರಿನ ಎರಡೂ ರೂಪ ಬರೆದಿಡಿ: ಇಂಡಿಯಿಂದ, ಇಂಡಿಗೆ. ಕ್ರಿಯಾಪದಕ್ಕೂ ಇದೇ ಪಾಡು. ಅಣ್ಣ ತಂದ, ಅಕ್ಕ ತಂದಳು. ಗಂಡಸರಿಗೊಂದು, ಹೆಂಗಸರಿಗೊಂದು ವಾಕ್ಯನಿಯಮ ಇಟ್ಟುಬಿಡುವುದು ಸುಲಭ.

ಇನ್ನೊಂದು ತೊಡಕಿದೆ. 1956ರಲ್ಲಿ ಭಾಷಾವಿಜ್ಞಾನಿ ನೋಮ್ ಚೋಮ್ಸ್ಕಿ ವಿವರಿಸಿದ ಈ ಬಗೆಯ ವ್ಯಾಕರಣಕ್ಕೆ ಹಿಂದಿನ ಆಯ್ಕೆ ನೆನಪಿರುವುದಿಲ್ಲ. "ಮಾವ ವಿಜಯಪುರದಿಂದ ವಿಜಯಪುರಕ್ಕೆ ಜೋಳ ತಂದ" ಎಂದೂ ಬಂದೀತು. 'ರ‍್ಯಾಂಡಮ್.ಸ್ಯಾಂಪಲ್' ಬಳಸಿ ಎರಡು ಬೇರೆ ಊರುಗಳನ್ನು ಒಟ್ಟಿಗೇ ಎತ್ತಿಸಿ. ಅರ್ಥದ ಹೊಣೆ ಮಾತ್ರ ನಿಮ್ಮದೇ. 2005ರಲ್ಲಿ ಅಮೆರಿಕದ ಎಂಐಟಿ ವಿದ್ಯಾರ್ಥಿಗಳ 'ಸೈಜೆನ್' ಎಂಬ ಪ್ರೋಗ್ರಾಂ ಇದೇ ತಂತ್ರದಿಂದ ಹೆಣೆದ ಅರ್ಥಹೀನ ಪ್ರಬಂಧವೊಂದನ್ನು ಸಮ್ಮೇಳನವೊಂದು ಸ್ವೀಕರಿಸಿತ್ತು! ಮಕ್ಕಳಿಗೆ ಕೊಡುವ ಮುನ್ನ ಒಮ್ಮೆ ಓದಿ.

ಖರ್ಚು? ಪೈಥಾನ್ ಉಚಿತ. ಪೈಥಾನ್.ಆರ್ಗ್ ತಾಣದಲ್ಲಿ ಸಿಗುತ್ತದೆ. ಉಬುಂಟು ಇದ್ದರೆ ಸಾಮಾನ್ಯವಾಗಿ ಮೊದಲೇ ಇರುತ್ತದೆ. ಇಳಿಸಿಕೊಂಡ ಮೇಲೆ ಇಂಟರ್ನೆಟ್ ಬೇಡ. ಕಂಪ್ಯೂಟರ್ ಇಲ್ಲದವರು ಆಂಡ್ರಾಯ್ಡ್ ಫೋನಿನಲ್ಲಿ 'ಟರ್ಮಕ್ಸ್' ಆ್ಯಪ್ ಹಾಕಿಕೊಂಡು ಅದರಲ್ಲಿ ಪೈಥಾನ್ ಇಳಿಸಿಕೊಳ್ಳಬಹುದು. ಪದಪಟ್ಟಿ ಯೂನಿಕೋಡ್‌ನಲ್ಲೇ ಇರಲಿ; ಹಳೆಯ ನುಡಿ ಫಾಂಟಿನ ಕಡತವಾದರೆ ಮೊದಲು ಪರಿವರ್ತಿಸಿ. ಕಡತ ಬರೆಯಿಸುವಾಗ ಎನ್‌ಕೋಡಿಂಗ್ 'ಯುಟಿಎಫ್-8' ಎಂದು ಸೂಚಿಸಿ, ಇಲ್ಲವಾದರೆ ವಿಂಡೋಸ್‌ನಲ್ಲಿ ದೋಷ ಬರಬಹುದು.

ದಿನವೂ ತಾನಾಗಿ ನಡೆಯಬೇಕೆಂದರೆ ವಿಂಡೋಸ್‌ನ 'ಟಾಸ್ಕ್ ಶೆಡ್ಯೂಲರ್' ಅಥವಾ ಲಿನಕ್ಸ್‌ನ 'ಕ್ರಾನ್'ನಲ್ಲಿ ಸಮಯ ನಮೂದಿಸಿ. ಬೆಳಿಗ್ಗೆ 8ಕ್ಕೆ ಎಂದಿಟ್ಟರೆ ಆ ಹೊತ್ತಿಗೆ ಕಂಪ್ಯೂಟರು ಚಾಲೂ ಇರಬೇಕು, ಅಷ್ಟೆ.