ಕಣ್ಣು ಮಸುಕಾದ ಹಲ್ಲಿ

ಪರ್ಕಳದ ನಮ್ಮ ಚಾವಡಿಯಲ್ಲಿ, ದೀಪದ ಹುಳುಗಳಿಗೆ ಬಾಯಿ ಹಾಕಿ ಪದೇ ಪದೇ ಗುರಿ ತಪ್ಪುತ್ತಿದ್ದ ಹಲ್ಲಿಯೊಂದನ್ನು ಮೊಮ್ಮಗಳು ತೋರಿಸಿದಳು. ಮನೆಹಲ್ಲಿಗೆ ತೆರೆದು ಮುಚ್ಚುವ ರೆಪ್ಪೆಗಳಿಲ್ಲ. ಕಣ್ಣಿನ ಧೂಳನ್ನು ಅದು ನಾಲಗೆಯಿಂದಲೇ ಒರೆಸಿಕೊಳ್ಳುತ್ತದೆ. ಪೊರೆ ಬಿಡುವಾಗ ಕಣ್ಣಿನ ಮೇಲಿನ ತೆಳುಚರ್ಮ ಕಳಚದೆ ಉಳಿದರೆ ದೃಷ್ಟಿ ಮಸುಕಾಗುವುದುಂಟು. ಅದನ್ನು ಚಿಮುಟದಿಂದ ಕೀಳಹೊರಟರೆ ಕಣ್ಣಿಗೇ ಗಾಯವಾದೀತು. ಹಿಡಿಯಹೋದರೆ ಬಾಲ ಕಳಚೀತು. ಆದುದರಿಂದ ಅದು ಅಡಗುವ ಗೋಡೆಯ ಮೂಲೆಗೆ ಸಂಜೆ ಸಂಜೆ ನೀರು ಚಿಮುಕಿಸಿದೆವು; ತೇವವು ಪೊರೆಯನ್ನು ಮೆದುಗೊಳಿಸುತ್ತದೆ. ಹುಡುಗಿ ಕಡ್ಡಿಯ ತುದಿಯಲ್ಲಿ ಹುಳುವನ್ನು ಅದರ ಮೂತಿಯೆದುರು ಹಿಡಿಯುತ್ತಿದ್ದಳು. ನಾಲ್ಕನೆಯ ದಿನ ನಾಲಗೆ ಚಾಚಿ ಸವರಿ, ತಿಂದಿತು.

ಮಂದ ಬೆಳದಿಂಗಳಲ್ಲಿಯೂ ಬಣ್ಣ ಗುರುತಿಸಬಲ್ಲ ಹಲ್ಲಿಜಾತಿಯೊಂದನ್ನು ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯದ ವಿಜ್ಞಾನಿಗಳು 2004ರಲ್ಲಿ ಪರೀಕ್ಷಿಸಿ ತೋರಿಸಿದರು. ಮೈಮೇಲೆ ಹಲ್ಲಿ ಬಿದ್ದರೆ ಪಂಚಾಂಗ ತಿರುವುವ ನಾವು ಅದರ ಕಣ್ಣನ್ನು ಒಮ್ಮೆಯಾದರೂ ನೋಡಿದ್ದೇವೆಯೆ? ನಾನಂತೂ ನೋಡಿರಲಿಲ್ಲ.

ಎಡಗಣ್ಣು ತಿಳಿಯಾಗಿದೆ. ಬಲಗಣ್ಣು ಇನ್ನೂ ಬೆಳ್ಳಗೇ ಇದೆ.