ಯೋಗಾಶ್ರಮಗಳಲ್ಲಿ ಅಭ್ಯಂಗ ವಿದ್ಯೆ

ಯೋಗಾಸನ ಕಲಿಯಲೆಂದು ಆಶ್ರಮ ಸೇರಿದವರು ಅಲ್ಲಿಯೇ ಇನ್ನೂ ಕೆಲವು ವಾರ ತಂಗಿ, ಆಯುರ್ವೇದದ ಅಭ್ಯಂಗವನ್ನೂ ಅದಕ್ಕೆ ಹೊಂದಿಕೊಂಡ ಉಪಚಾರಗಳನ್ನೂ ಅಭ್ಯಾಸ ಮಾಡಿ, ಪ್ರಮಾಣಪತ್ರದೊಡನೆ ಊರಿಗೆ ಮರಳುವ ಪರಿಪಾಠ ಕಳೆದ ಕೆಲವು ದಶಕಗಳಲ್ಲಿ ಕೇರಳ, ಋಷಿಕೇಶ, ಮೈಸೂರುಗಳಲ್ಲಿ ಮಾತ್ರವಲ್ಲದೆ ಅಮೆರಿಕ, ಯುರೋಪುಗಳ ಯೋಗಕೇಂದ್ರಗಳಲ್ಲಿಯೂ ಬೇರೂರಿದೆ. ಅಭ್ಯಂಗವೆಂದರೆ ಬೆಚ್ಚಗಿನ ಎಣ್ಣೆಯನ್ನು ಮೈಗೆಲ್ಲ ಹಚ್ಚಿ, ರೋಮಗಳು ಬೆಳೆದ ದಿಕ್ಕಿನಲ್ಲಿ ನೀವುತ್ತ ತಿಕ್ಕುವ ಕ್ರಮ. ಯೋಗ ಮತ್ತು ಆಯುರ್ವೇದಗಳೆರಡೂ ಪ್ರಾಚೀನವಾದ್ದರಿಂದ ಅವನ್ನು ಒಂದೇ ಆವರಣದಲ್ಲಿ ಕಲಿಸುವ ಏರ್ಪಾಡೂ ಪ್ರಾಚೀನವೇ ಎಂದು ಭಾವಿಸುವವರುಂಟು. ಆದರೆ ಇಂದು ಕಾಣುವ ರೂಪದಲ್ಲಿ ಅದು ಇಪ್ಪತ್ತನೆಯ ಶತಮಾನದ್ದು. ಪತಂಜಲಿಯ ಯೋಗಸೂತ್ರವು ಸಾಧನೆಗೆ ಅಡ್ಡಬರುವ ಅಂತರಾಯಗಳಲ್ಲಿ ವ್ಯಾಧಿಯನ್ನೇ ಮೊದಲು ಹೆಸರಿಸುತ್ತದೆ, ಚರಕಸಂಹಿತೆಯ ಶಾರೀರಸ್ಥಾನವು ಯೋಗ ಮತ್ತು ಮೋಕ್ಷಗಳ ವಿಚಾರವನ್ನು ಎತ್ತಿಕೊಳ್ಳುತ್ತದೆ ಎಂಬುದೆಲ್ಲ ನಿಜ. ಹಾಗಿದ್ದರೂ ವೈದ್ಯನಾಗಬೇಕಾದವನು ಕಲಿಯುತ್ತಿದ್ದುದು ಗುರುವಿನ ಬಳಿ, ರೋಗಿಗಳ ನಡುವೆ, ಔಷಧ ಅರೆಯುತ್ತ ಕಾಯಿಸುತ್ತ. ಯೋಗಸಾಧಕನ ದಾರಿ ಅದಕ್ಕಿಂತ ಬೇರೆಯಾಗಿತ್ತು.

ಈ ಎರಡು ದಾರಿಗಳು ಕೂಡಿದ್ದಕ್ಕೆ ಸ್ಪಷ್ಟ ನಿದರ್ಶನ ಋಷಿಕೇಶದ ಸ್ವಾಮಿ ಶಿವಾನಂದರ ಪರಂಪರೆ. ಸಂನ್ಯಾಸಕ್ಕೆ ಮೊದಲು ಮಲಯದಲ್ಲಿ ವೈದ್ಯರಾಗಿ ದುಡಿದಿದ್ದ ಶಿವಾನಂದರು 1936ರಲ್ಲಿ ದಿವ್ಯಜೀವನ ಸಂಘವನ್ನು ಸ್ಥಾಪಿಸಿದರು. ಆಶ್ರಮದಲ್ಲಿ ರೋಗಿಗಳ ಶುಶ್ರೂಷೆಯನ್ನು ಸಾಧನೆಯ ಭಾಗವೆಂದೇ ಎಣಿಸಿ, ಆಯುರ್ವೇದ ಔಷಧಾಲಯವೊಂದನ್ನೂ ತೆರೆದರು. ಅವರ ಶಿಷ್ಯರೂ ಕೇರಳ ಮೂಲದವರೂ ಆದ ಸ್ವಾಮಿ ವಿಷ್ಣುದೇವಾನಂದರು 1957ರಲ್ಲಿ ಪಶ್ಚಿಮಕ್ಕೆ ತೆರಳಿ, ಕೆನಡಾದಲ್ಲಿ ನೆಲೆಯೂರಿ, 1967ರಲ್ಲಿ ಬಹಾಮಾಸ್ ದ್ವೀಪಸಮೂಹದಲ್ಲಿ ಆಶ್ರಮ ತೆರೆದು, 1969ರಲ್ಲಿ ಯೋಗಶಿಕ್ಷಕರ ತರಬೇತಿಯನ್ನು ಆರಂಭಿಸಿದರು. ಅವರೇ 1970ರ ದಶಕದಲ್ಲಿ ತಿರುವನಂತಪುರ ಜಿಲ್ಲೆಯ ನೆಯ್ಯಾರ್ ಅಣೆಕಟ್ಟಿನ ಬಳಿ, ಸಹ್ಯಾದ್ರಿಯ ತಪ್ಪಲಿನಲ್ಲಿ ಕಟ್ಟಿದ ಆಶ್ರಮಕ್ಕೆ ವೈದ್ಯದೇವತೆಯಾದ ಧನ್ವಂತರಿಯ ಹೆಸರನ್ನಿಟ್ಟರು. ಯೋಗ ಕಲಿಯಲು ಬಂದ ವಿದೇಶೀಯರಿಗೆ ಕೇರಳದ ಎಣ್ಣೆ ಚಿಕಿತ್ಸೆಯ ಪರಿಚಯವಾದದ್ದೂ, ಅದನ್ನು ಕಲಿಸಿಕೊಡಿ ಎಂಬ ಬೇಡಿಕೆ ಹುಟ್ಟಿದ್ದೂ ಇಂಥ ಸ್ಥಳಗಳಲ್ಲಿಯೇ.

ಆಶ್ರಮದಲ್ಲಿ ತಂಗಿ ಕಲಿಯುವುದಕ್ಕೂ ನಗರದ ತರಗತಿಯಲ್ಲಿ ಕಲಿಯುವುದಕ್ಕೂ ಇರುವ ಮುಖ್ಯ ವ್ಯತ್ಯಾಸ ದಿನಚರಿಯಲ್ಲಿದೆ. ಶಿವಾನಂದ ಪರಂಪರೆಯ ಆಶ್ರಮಗಳಲ್ಲಿ ಬೆಳಗಿನ ಆರಕ್ಕೆ ಧ್ಯಾನ ಮತ್ತು ಸತ್ಸಂಗ, ಆನಂತರ ಆಸನ ಪ್ರಾಣಾಯಾಮ, ಹತ್ತರ ಸುಮಾರಿಗೆ ಸಾತ್ತ್ವಿಕವಾದ ಊಟ, ಬಳಿಕ ಕರ್ಮಯೋಗವೆಂದು ಕರೆಯಲಾಗುವ ಗುಡಿಸುವ, ಪಾತ್ರೆ ತೊಳೆಯುವ, ತರಕಾರಿ ಹೆಚ್ಚುವ ಕೆಲಸ, ಸಂಜೆ ಮತ್ತೆ ಆಸನ, ಆರಕ್ಕೆ ಎರಡನೆಯ ಊಟ, ರಾತ್ರಿ ಮತ್ತೊಮ್ಮೆ ಸತ್ಸಂಗ ಎಂಬ ಕ್ರಮ ಬಹುಮಟ್ಟಿಗೆ ಎಲ್ಲೆಡೆ ಒಂದೇ. ಮರ್ದನ ಕಲಿಯುವವನಿಗೆ ಇದು ಹೊರಗಿನ ಕಟ್ಟಳೆಯಲ್ಲ. ವಾಗ್ಭಟನ ಅಷ್ಟಾಂಗಹೃದಯವು ಅಭ್ಯಂಗವನ್ನು ವಿವರಿಸುವುದು ಚಿಕಿತ್ಸಾಭಾಗದಲ್ಲಲ್ಲ, ಸೂತ್ರಸ್ಥಾನದ ದಿನಚರ್ಯಾಧ್ಯಾಯದಲ್ಲಿ, ಬ್ರಾಹ್ಮೀಮುಹೂರ್ತದಲ್ಲಿ ಏಳುವುದು, ಹಲ್ಲುಜ್ಜುವುದು, ವ್ಯಾಯಾಮ, ಸ್ನಾನಗಳ ಜೊತೆಯಲ್ಲಿ. ನಿತ್ಯವೂ ಎಣ್ಣೆ ಹಚ್ಚಿಕೊಂಡರೆ ಮುಪ್ಪು, ದಣಿವು, ವಾತದೋಷಗಳು ದೂರವಾಗುತ್ತವೆಂದೂ ತಲೆ, ಕಿವಿ, ಪಾದಗಳಿಗೆ ವಿಶೇಷವಾಗಿ ಹಚ್ಚಬೇಕೆಂದೂ ಅಲ್ಲಿ ಹೇಳಲಾಗಿದೆ. ಎಣ್ಣೆ ಸವರಿದ ಮಡಕೆ, ಚರ್ಮ ಮತ್ತು ಬಂಡಿಯ ಅಚ್ಚುಗಳು ಹೇಗೆ ಗಟ್ಟಿಯಾಗಿ ಬಾಳುತ್ತವೆಯೋ ಹಾಗೆ ಶರೀರವೂ ಎಂಬ ಹೋಲಿಕೆ ಚರಕನದು.

ಆಶ್ರಮಗಳು ನಡೆಸುವ ಅಭ್ಯಂಗ ಶಿಬಿರಗಳ ಪಾಠ ಸಾಮಾನ್ಯವಾಗಿ ವಾತ, ಪಿತ್ತ, ಕಫಗಳೆಂಬ ತ್ರಿದೋಷಗಳ ಪರಿಚಯದಿಂದ ಮೊದಲಾಗುತ್ತದೆ. ಶರೀರದ ಚಲನೆಯನ್ನು ನಡೆಸುವ ವಾತವು ರೂಕ್ಷ ಹಾಗೂ ಶೀತ ಗುಣದ್ದೆಂದೂ, ಸ್ನಿಗ್ಧವೂ ಉಷ್ಣವೂ ಆದ ಎಳ್ಳೆಣ್ಣೆ ಅದಕ್ಕೆ ನೇರ ಎದುರೆಂದೂ ಶಾಸ್ತ್ರದ ನಿಲುವಾಗಿರುವುದರಿಂದ, ಹೆಚ್ಚಿನ ಅಭ್ಯಂಗತೈಲಗಳಿಗೆ ಎಳ್ಳೆಣ್ಣೆಯೇ ಆಧಾರ. ಧಾನ್ವಂತರ ತೈಲ, ಕ್ಷೀರಬಲಾ ತೈಲ, ಮಹಾನಾರಾಯಣ ತೈಲ ಮೊದಲಾದವು ಅಂಗಡಿಯಲ್ಲಿ ಸೀಸೆಗಳಲ್ಲಿ ದೊರೆಯುತ್ತವೆಯಾದರೂ, ಅವು ಹೇಗೆ ಸಿದ್ಧವಾಗುತ್ತವೆಂಬುದನ್ನು ಒಲೆಯ ಮುಂದೆ ಕುಳಿತು ಕಲಿಸುವ ಶಿಬಿರಗಳು ಉಳಿದವಕ್ಕಿಂತ ಮೇಲು. ಸಾಮಾನ್ಯ ನಿಯಮದಂತೆ ಅರೆದ ಮೂಲಿಕೆಯ ಮುದ್ದೆ, ಅಂದರೆ ಕಲ್ಕ, ಒಂದು ಪಾಲಾದರೆ ಎಣ್ಣೆ ನಾಲ್ಕು ಪಾಲು, ಕಷಾಯ ಅಥವಾ ಹಾಲಿನಂತಹ ದ್ರವ ಹದಿನಾರು ಪಾಲು. ಮೂರನ್ನೂ ಕೂಡಿಸಿ ಸಣ್ಣ ಉರಿಯಲ್ಲಿ, ತಳ ಹಿಡಿಯದಂತೆ ಕೈಯಾಡಿಸುತ್ತ, ನೀರಿನಂಶವೆಲ್ಲ ಹೋಗುವವರೆಗೆ ಕಾಯಿಸಬೇಕು. ಹದ ತಿಳಿಯುವ ಕ್ರಮ ಸೊಗಸಾದದ್ದು: ಕಲ್ಕವನ್ನು ಎರಡು ಬೆರಳುಗಳ ನಡುವೆ ಹೊಸೆದರೆ ಅದು ಬತ್ತಿಯಂತೆ ಉದ್ದಕ್ಕೆ ಬರಬೇಕು, ಆ ಬತ್ತಿಯನ್ನು ಬೆಂಕಿಗೆ ಒಡ್ಡಿದರೆ ಚಟಪಟ ಸದ್ದು ಕೇಳಿಸಬಾರದು, ಎಣ್ಣೆಯ ಮೇಲೆ ನೊರೆ ಏಳಬೇಕು, ತುಪ್ಪವಾದರೆ ಇದಕ್ಕೆ ವಿರುದ್ಧವಾಗಿ ನೊರೆ ಅಡಗಬೇಕು. ಕಲ್ಕ ಇನ್ನೂ ಮೆತ್ತಗಿರುವ ಮೃದುಪಾಕ ಮೂಗಿಗೆ ಬಿಡುವ ನಸ್ಯಕ್ಕೆ, ಮಧ್ಯಮಪಾಕ ಕುಡಿಯುವುದಕ್ಕೆ ಮತ್ತು ಗುದದ ಮೂಲಕ ಒಳಸೇರಿಸುವ ಬಸ್ತಿಗೆ, ಕಲ್ಕ ಗರಿಗರಿಯಾಗುವ ಖರಪಾಕ ಮೈಗೆ ಹಚ್ಚುವುದಕ್ಕೆ ಎಂಬ ವಿಭಾಗವೂ ಚರಕಸಂಹಿತೆಯಲ್ಲಿದೆ. ಕೇರಳದ ಕ್ಷೀರಬಲಾ ತೈಲದ ಒಂದು ಬಗೆಯನ್ನು ಇದೇ ರೀತಿ 101 ಬಾರಿ ಪುನಃ ಪುನಃ ಪಾಕ ಮಾಡಲಾಗುತ್ತದೆ.

ಇನ್ನು ಕೈಯ ಅಭ್ಯಾಸ. ಕೇರಳದ ಪದ್ಧತಿಯಲ್ಲಿ ಗಟ್ಟಿಮರದ ದ್ರೋಣಿಯೆಂಬ ಹಲಗೆಯ ಮೇಲೆ ಮಲಗಿದವನ ಎರಡೂ ಬದಿಗಳಲ್ಲಿ ಇಬ್ಬರು ಪರಿಚಾರಕರು ನಿಂತು, ಒಬ್ಬರ ಕೈ ಹೇಗೆ ಚಲಿಸುತ್ತದೆಯೋ ಇನ್ನೊಬ್ಬರದೂ ಹಾಗೆಯೇ, ಅದೇ ವೇಗದಲ್ಲಿ, ಅದೇ ಒತ್ತಡದಲ್ಲಿ ಚಲಿಸುವಂತೆ ನೋಡಿಕೊಳ್ಳುತ್ತಾರೆ. ಕುಳಿತ ಭಂಗಿಯಲ್ಲಿ ನೆತ್ತಿಗೆ ಎಣ್ಣೆ ಇಟ್ಟು ಆರಂಭಿಸಿ, ಅಂಗಾತ, ಮಗ್ಗುಲು, ಬೋರಲು ಹೀಗೆ ಮಲಗಿಸಿ ತಿರುಗಿಸುತ್ತ ಏಳು ಭಂಗಿಗಳಲ್ಲಿ ಮರ್ದನ ಮಾಡುವುದು ರೂಢಿ. ಕೈಕಾಲುಗಳ ಮೇಲೆ ನೀಳವಾದ ನೀವಿಕೆ, ಮಂಡಿ, ಭುಜ, ಮೊಣಕೈಗಳಂಥ ಸಂಧಿಗಳ ಮೇಲೆ ದುಂಡಗೆ ತಿಕ್ಕುವುದು, ಹೊಟ್ಟೆಯ ಮೇಲೆ ಹಗುರವಾದ ಕೈ. ನೋಡುವುದಕ್ಕೆ ಸುಲಭವೆನಿಸುವ ಈ ಜೋಡಿಕೆಲಸದಲ್ಲಿ ಹೊಸಬರ ಕೈಗಳು ಬಹುಕಾಲ ಒಂದರ ಹಿಂದೆ ಒಂದು ಉಳಿಯುತ್ತಲೇ ಇರುತ್ತವೆ, ಮಲಗಿದವನಿಗೆ ಅದು ಒಡನೆಯೇ ತಿಳಿಯುತ್ತದೆ. ಸುಶ್ರುತಸಂಹಿತೆಗೆ ವ್ಯಾಖ್ಯಾನ ಬರೆದ ಡಲ್ಹಣನು ಎಣ್ಣೆ ಕೂದಲ ಬುಡವನ್ನು ತಲುಪಲು 300 ಮಾತ್ರೆಗಳ ಕಾಲವೂ, ಮಜ್ಜೆಯನ್ನು ತಲುಪಲು 900 ಮಾತ್ರೆಗಳ ಕಾಲವೂ ಬೇಕೆನ್ನುತ್ತಾನೆ. ಮಾತ್ರೆಯೆಂದರೆ ಒಂದು ಹ್ರಸ್ವಾಕ್ಷರವನ್ನು ಉಚ್ಚರಿಸುವಷ್ಟು ಹೊತ್ತು. ಎಣ್ಣೆ ಮಜ್ಜೆಯವರೆಗೆ ಇಳಿಯುತ್ತದೆಂಬುದನ್ನು ಇಂದಿನ ಶರೀರವಿಜ್ಞಾನ ಒಪ್ಪದಿದ್ದರೂ, ಪ್ರತಿ ಭಾಗದ ಮೇಲೂ ಇಷ್ಟು ಹೊತ್ತು ಕೈ ನಿಲ್ಲಬೇಕೆಂಬ ಶಿಸ್ತಿಗೆ ಆ ಲೆಕ್ಕ ಇಂದಿಗೂ ಉಪಯುಕ್ತ. ಸುಶ್ರುತನು ಎಣಿಸಿದ 107 ಮರ್ಮಗಳು, ಎಂದರೆ ಪೆಟ್ಟು ಬಿದ್ದರೆ ಅಪಾಯವೊದಗುವ ಸಂಧಿಸ್ಥಾನಗಳು, ಪಾಠದಲ್ಲಿ ಬಂದೇ ಬರುತ್ತವೆ. ಆದರೆ ಮೂಲದಲ್ಲಿ ಅವುಗಳ ಜ್ಞಾನ ಬೇಕಾಗಿದ್ದುದು ಮುಖ್ಯವಾಗಿ ಶಸ್ತ್ರವೈದ್ಯನಿಗೆ, ಅವನ್ನು ತಪ್ಪಿಸುವುದಕ್ಕಾಗಿ ಎಂಬುದನ್ನು ಹೇಳದೆ, ಅವು ಒತ್ತಿದರೆ ರೋಗ ಹೋಗುವ ಗುಂಡಿಗಳೆಂಬಂತೆ ಕಲಿಸುವ ಶಿಬಿರಗಳೂ ಇವೆ.

ಹಣೆಯ ಮೇಲೆ ನಾಲ್ಕು ಅಂಗುಲ ಎತ್ತರದಿಂದ ಎಣ್ಣೆಯನ್ನು ಸಣ್ಣ ಧಾರೆಯಾಗಿ ಇಳಿಬಿಡುವ ಶಿರೋಧಾರೆ, ಬಟ್ಟೆಯನ್ನು ಬಿಸಿಯೆಣ್ಣೆಯಲ್ಲಿ ಅದ್ದಿ ಮೈಮೇಲೆ ಹಿಂಡುವ ಪಿಳಿಚ್ಚಿಲ್, ಅರುವತ್ತು ದಿನಗಳಲ್ಲಿ ಬೆಳೆಯುವ ನವರ ಅಕ್ಕಿಯನ್ನು ಹಾಲು ಮತ್ತು ಬಲಾಮೂಲದ ಕಷಾಯದಲ್ಲಿ ಬೇಯಿಸಿ ಗಂಟು ಕಟ್ಟಿ ತಿಕ್ಕುವ ನವರಕಿಳಿ ಮೊದಲಾದವನ್ನೂ ಕೆಲವೆಡೆ ಕಲಿಸುತ್ತಾರೆ.

ಶಾಸ್ತ್ರದ ಲೆಕ್ಕದಲ್ಲಿ ಇವೆಲ್ಲ ಎಲ್ಲಿ ನಿಲ್ಲುತ್ತವೆಂಬುದನ್ನು ಕಲಿಯುವವರು ಅರಿತಿರಬೇಕು. ಶರೀರ ಶೋಧನೆಗೆಂದು ಹೇಳಿರುವ ಪಂಚಕರ್ಮಗಳೆಂದರೆ ವಮನ, ವಿರೇಚನ, ಎರಡು ಬಗೆಯ ಬಸ್ತಿ ಮತ್ತು ನಸ್ಯ. ಎಣ್ಣೆ ಹಚ್ಚುವುದೂ ಬೆವರಿಸುವುದೂ ಅವುಗಳಿಗೆ ಮುಂಚಿನ ಪೂರ್ವಕರ್ಮಗಳು. ಪೂರ್ವಕರ್ಮವನ್ನಷ್ಟೇ ಮಾಡಿ ಅದನ್ನು ಪಂಚಕರ್ಮವೆಂದು ಮಾರುವುದು ವ್ಯಾಪಾರವೇ ಹೊರತು ಆಯುರ್ವೇದವಲ್ಲ. ಮೇಲಾಗಿ ಕಫ ಹೆಚ್ಚಿದವರಿಗೆ, ಅಜೀರ್ಣವಾದವರಿಗೆ, ಆಗಷ್ಟೇ ಶೋಧನೆ ಮಾಡಿಸಿಕೊಂಡವರಿಗೆ ಅಭ್ಯಂಗ ಕೂಡದೆಂದು ವಾಗ್ಭಟನೇ ನಿಷೇಧಿಸಿದ್ದಾನೆ. ಜ್ವರವಿರುವವರು, ಚರ್ಮಕ್ಕೆ ಸೋಂಕು ತಗುಲಿದವರು, ಕಾಲಿನ ಆಳದ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟಿದವರು ಕೂಡ ಮರ್ದನದಿಂದ ದೂರವಿರಬೇಕೆಂಬುದು ಇಂದಿನ ವೈದ್ಯಕೀಯದ ಎಚ್ಚರಿಕೆ. ಹೆಚ್ಚಿನ ತೈಲಗಳಿಗೆ ಆಧಾರವಾದ ಎಳ್ಳು ಒಗ್ಗದವರ ಸಂಖ್ಯೆಯೂ ಕಡಿಮೆಯೇನಲ್ಲ. ಅಮೆರಿಕದ ಕಾನೂನು 2023ರಿಂದ ಎಳ್ಳನ್ನು ಪ್ರಧಾನ ಅಲರ್ಜಿಕಾರಕ ಆಹಾರಗಳ ಪಟ್ಟಿಗೆ ಸೇರಿಸಿದೆ.

ಕನ್ನಡಿಗರಿಗೆ ಈ ವಿದ್ಯೆ ಪೂರ್ತಿ ಅಪರಿಚಿತವೇನೂ ಅಲ್ಲ. ನರಕಚತುರ್ದಶಿಯ ಬೆಳಗಿನ ಎಣ್ಣೆನೀರು, ಹಸುಗೂಸನ್ನು ಚಾಚಿದ ಕಾಲುಗಳ ಮೇಲೆ ಮಲಗಿಸಿಕೊಂಡು ಎಣ್ಣೆ ತಿಕ್ಕಿ ನೀರೆರೆಯುವ ಅಜ್ಜಿಯರ ಕೌಶಲ, ಬಾಣಂತಿಗೆ ಹರಳೆಣ್ಣೆ ಹಚ್ಚಿ ಹಂಡೆಯ ಬಿಸಿನೀರು ಹೊಯ್ಯುವ ಉಪಚಾರ, ಸೀಗೆಪುಡಿ, ಹೆಸರುಹಿಟ್ಟುಗಳೆಲ್ಲ ಅದೇ ದಿನಚರ್ಯೆಯ ಮನೆಮಟ್ಟದ ಮುಂದುವರಿಕೆ. ಅತ್ತ ಕೆ. ಪಟ್ಟಾಭಿ ಜೋಯಿಸರ ಅಷ್ಟಾಂಗ ವಿನ್ಯಾಸ ಯೋಗವನ್ನು ಅರಸಿ ಮೈಸೂರಿನ ಗೋಕುಲಂ ಬಡಾವಣೆಗೆ ಬರುವ ವಿದೇಶೀಯರು, ಆಸನದಿಂದ ನೊಂದ ಮೈಗೆ ಎಣ್ಣೆ ಹಚ್ಚಿಸಿಕೊಳ್ಳುತ್ತ ಅದನ್ನು ಕಲಿಯಲೂ ತೊಡಗಿದ್ದಾರೆ. 1908ರಷ್ಟು ಹಿಂದೆಯೇ ಆಯುರ್ವೇದ ಕಾಲೇಜು ಆರಂಭವಾದ ನಗರದಲ್ಲಿ ಇದು ಆಶ್ಚರ್ಯವೇನಲ್ಲ.

ಆದರೆ ಕಾಲೇಜಿನ ಕಲಿಕೆಗೂ ಶಿಬಿರದ ಕಲಿಕೆಗೂ ಅಂತರ ದೊಡ್ಡದು. ಭಾರತದಲ್ಲಿ ಆಯುರ್ವೇದ ವೈದ್ಯನಾಗಿ ರೋಗ ನಿರ್ಣಯಿಸಿ ಔಷಧ ಬರೆಯಲು ಬಿಎಎಂಎಸ್ ಪದವಿ ಬೇಕು. ಅದು ನಾಲ್ಕೂವರೆ ವರ್ಷಗಳ ಓದು ಮತ್ತು ಒಂದು ವರ್ಷದ ಇಂಟರ್ನ್‌ಶಿಪ್ ಸೇರಿದ ವ್ಯಾಸಂಗ. ಕೆಲವು ವಾರಗಳ ಶಿಬಿರ ಕೊಡಬಲ್ಲದ್ದು ಹದವಾದ ಕೈಯನ್ನು, ದಿನಚರಿಯ ರೂಢಿಯನ್ನು, ತನಗೂ ಮನೆಯವರಿಗೂ ಉಪಚಾರ ಮಾಡುವ ಸಾಮರ್ಥ್ಯವನ್ನು; ಇದು ಅಲ್ಪವಲ್ಲ, ಆದರೆ ಚಿಕಿತ್ಸೆಯೂ ಅಲ್ಲ. ಮರ್ದನ ಕಲಿತ ಧೈರ್ಯದಲ್ಲಿ ಔಷಧಿಗಳನ್ನೂ ಸೂಚಿಸತೊಡಗಿದರೆ ಅಪಾಯ ನಿಜವಾದದ್ದು. ಅಂತರಜಾಲದಲ್ಲಿ ಮಾರಾಟವಾಗುತ್ತಿದ್ದ 193 ಆಯುರ್ವೇದ ಉತ್ಪನ್ನಗಳನ್ನು ಪರೀಕ್ಷಿಸಿ ಅಮೆರಿಕದ ಸಂಶೋಧಕರು 2008ರಲ್ಲಿ ಪ್ರಕಟಿಸಿದ ವರದಿಯಂತೆ, ಅವುಗಳಲ್ಲಿ ಸುಮಾರು ಐದರಲ್ಲೊಂದು ಪಾಲಿನಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಕಂಡುಬಂದಿತ್ತು.

ಹಾಗಾಗಿ ಶಿಬಿರ ಸೇರುವವರು ಹಣ ಕಟ್ಟುವ ಮೊದಲು ಕಲಿಸುವವರ ಅರ್ಹತೆಯೇನು, ದಿನಕ್ಕೆ ಎಷ್ಟು ಹೊತ್ತು ಕೈಯಿಂದ ಅಭ್ಯಾಸ ಮಾಡಿಸುತ್ತಾರೆ, ವೈದ್ಯರು ಆವರಣದಲ್ಲಿಯೇ ಇರುತ್ತಾರೆಯೇ, ಹೆಂಗಸರಿಗೆ ಹೆಂಗಸರೇ ಗಂಡಸರಿಗೆ ಗಂಡಸರೇ ಮರ್ದನ ಮಾಡುವ ನಿಯಮ ಪಾಲನೆಯಲ್ಲಿದೆಯೇ ಎಂಬುದನ್ನು ಕೇಳಿ ತಿಳಿದುಕೊಳ್ಳಬೇಕು. ವಿದೇಶದಲ್ಲಿ ನೆಲೆಸಿದ ಕನ್ನಡಿಗರು ಇನ್ನೂ ಒಂದನ್ನು ವಿಚಾರಿಸುವುದು ಒಳ್ಳೆಯದು: ಅಮೆರಿಕದ ಬಹುತೇಕ ರಾಜ್ಯಗಳಲ್ಲಿ ಹಣ ಪಡೆದು ಮಸಾಜ್ ಮಾಡಲು ರಾಜ್ಯದ ಪರವಾನಗಿ ಬೇಕು, ಆಶ್ರಮ ಕೊಟ್ಟ ಪ್ರಮಾಣಪತ್ರ ಅದರ ಬದಲಿಗೆ ಸಲ್ಲುವುದಿಲ್ಲ.