ಪಾಠದ ಕೋಣೆಯಲ್ಲಿ ಯಂತ್ರ: ಮೂರು ಶಾಲೆಗಳನ್ನು ಕಂಡು ಬಂದ ಬಗೆ

ಸಂಕ್ರಮಣ ಕಳೆದು ನಾಲ್ಕು ದಿನಗಳಾಗಿದ್ದವು. ಶ್ರೀಮಠದ ಆಶ್ರಯದಲ್ಲಿ ನಡೆಯುವ ನಮ್ಮ ಪ್ರೌಢಶಾಲೆಯ ಆಡಳಿತ ಮಂಡಳಿಯ ಸಭೆಯಲ್ಲಿ ಕಾರ್ಯದರ್ಶಿಗಳು ಒಂದು ಪತ್ರವನ್ನು ಓದಿದರು. ಹುಬ್ಬಳ್ಳಿಯಲ್ಲಿ ವ್ಯಾಪಾರ ಮಾಡಿಕೊಂಡಿರುವ ಭಕ್ತರೊಬ್ಬರು, ಲಿಂಗೈಕ್ಯರಾದ ತಮ್ಮ ತಾಯಿಯವರ ಸ್ಮರಣಾರ್ಥ, ಶಾಲೆಯ ಎಂಟು ಕೋಣೆಗಳಿಗೂ ‘ಸ್ಮಾರ್ಟ್ ಬೋರ್ಡ್’ ಕೂಡ್ರಿಸಿಕೊಡುವುದಾಗಿ ಬರೆದಿದ್ದರು. ಮಂಡಳಿಯ ತರುಣ ಸದಸ್ಯರಿಗೆ ಬಹಳ ಸಂತೋಷ. ಪೂಜ್ಯರು ಮಾತ್ರ ಸ್ವಲ್ಪ ಹೊತ್ತು ಸುಮ್ಮನಿದ್ದು, “ಇಂಥವು ಇರುವ ಶಾಲೆಗಳನ್ನು ಮೊದಲು ಕಣ್ಣಾರೆ ಕಂಡು ಬನ್ನಿರಿ, ಒಪ್ಪಿಗೆಯ ಪತ್ರವನ್ನು ಅನಂತರ ಬರೆಯೋಣ” ಎಂದು ಅಪ್ಪಣೆ ಕೊಡಿಸಿದರು. ಆ ಕೆಲಸ ನನಗೂ ನಿವೃತ್ತ ಗಣಿತ ಶಿಕ್ಷಕರಾದ ನನ್ನ ಮಿತ್ರರಿಗೂ ಬಂದಿತು.

ಮಠದ ಪಾಠಶಾಲೆಯಲ್ಲಿ ಮರಳಿನ ಮೇಲೆ ಬೆರಳಾಡಿಸಿ ಅಕ್ಷರ ಕಲಿತವನಿಗೆ ಈ ಪರೀಕ್ಷೆಗೆ ಏನು ಅಧಿಕಾರವೆಂದು ವಾಚಕರು ಕೇಳಬಹುದು. ಆದರೆ ನಮ್ಮ ತಲೆಮಾರಿನವರಿಗೆ ಶಾಲೆಯಲ್ಲಿ ಯಂತ್ರವೆಂಬುದು ತೀರ ಹೊಸದಲ್ಲ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ‘ಸೈಟ್’ ಎಂಬ ಉಪಗ್ರಹ ದೂರದರ್ಶನ ಪ್ರಯೋಗ ನಡೆಯಿತು. ಆರು ರಾಜ್ಯಗಳ ಸುಮಾರು 2400 ಹಳ್ಳಿಗಳು ಅದರಲ್ಲಿ ಸೇರಿದ್ದವು. ನಮ್ಮ ರಾಜ್ಯದಲ್ಲಿ ಅಂದಿನ ವಿಜಾಪುರ, ಗುಲಬರ್ಗಾ, ರಾಯಚೂರು ಜಿಲ್ಲೆಗಳವು. ಸೂಟಿಗೆಂದು ಮಠದಿಂದ ಊರಿಗೆ ಬಂದಿದ್ದ ನಾನು, ಕೋಳಿಗೂಡಿನ ಜಾಳಿಗೆಯಿಂದ ಹೆಣೆದ ಹತ್ತಡಿಯ ಛತ್ರಿಯನ್ನೂ ಅದರ ಕೆಳಗೆ ಮಾತಾಡುವ ಪೆಟ್ಟಿಗೆಯನ್ನೂ ಚಿಕ್ಕ ಮಕ್ಕಳ ಹಿಂದೆ ನಿಂತು ನೋಡಿದೆ. ಬೆಳಗಿನ ಒಂದೂವರೆ ಗಂಟೆ ಶಾಲೆಯ ಮಕ್ಕಳಿಗೆ ಮೀಸಲು. ಅದನ್ನು ನಾಲ್ಕು ಭಾಷೆಗಳು ಹಂಚಿಕೊಳ್ಳುತ್ತಿದ್ದುದರಿಂದ ಕನ್ನಡದ ಪಾಲಿಗೆ ಅರ್ಧ ಗಂಟೆಗೂ ಕಡಿಮೆ. ಉಪಗ್ರಹ ಅಮೆರಿಕದವರದು, ವರ್ಷ ತುಂಬಿತು, ಅವರು ಅದನ್ನು ಹಿಂದಕ್ಕೆ ಪಡೆದರು. ನಮ್ಮೂರಿನ ಪೆಟ್ಟಿಗೆ ಮೂಕವಾಯಿತು. ಮರುದಿನ ಮಾಸ್ತರರು ಯಾವ ಪಾಠ ಮಾಡಿದರೆಂಬುದು ನನಗೆ ತಿಳಿಯದು. ಆದರೆ ಪೆಟ್ಟಿಗೆ ಹೋದ ಮೇಲೆ ಅವರ ಕೈಯಲ್ಲಿ ಉಳಿದುದೇನು ಎಂಬ ಪ್ರಶ್ನೆ ಐವತ್ತು ವರ್ಷಗಳಿಂದ ನನ್ನೊಡನೆ ಇದೆ. 2004ರಲ್ಲಿ ನಮ್ಮವರೇ ‘ಎಜುಸ್ಯಾಟ್’ ಉಪಗ್ರಹವನ್ನು ಹಾರಿಸಿ ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳಿಗೆ ಪಾಠ ಕಳಿಸಿದಾಗಲೂ ಇದೇ ಪ್ರಶ್ನೆ ನೆನಪಾಗಿತ್ತು.

ಮೊದಲು ಹೋದದ್ದು ಪಟ್ಟಣದ ಒಂದು ಖಾಸಗಿ ಶಾಲೆಗೆ. ಗೋಡೆಯ ಅರ್ಧದಷ್ಟು ಅಗಲದ ಹೊಳೆಯುವ ಫಲಕ. ವಿಜ್ಞಾನದ ತಾಸು. ಎಲೆಯೊಳಗೆ ಆಹಾರ ತಯಾರಾಗುವ ಬಗೆಯನ್ನು ಬಣ್ಣಬಣ್ಣದ ಚಿತ್ರಗಳು ತೋರಿಸುತ್ತಿದ್ದವು. ಯಾವುದೋ ದೂರದ ಊರಿನ ದನಿ ಇಂಗ್ಲಿಷಿನಲ್ಲಿ ವಿವರಿಸುತ್ತಿತ್ತು. ಶಿಕ್ಷಕರು ಬಾಗಿಲ ಬಳಿ ಕೈಕಟ್ಟಿ ನಿಂತಿದ್ದರು. ಚಿತ್ರ ಮುಗಿದ ಮೇಲೆ ನನ್ನ ಮಿತ್ರರು ಒಬ್ಬ ಹುಡುಗನನ್ನು ಕೇಳಿದರು: “ತಮ್ಮಾ, ರಾತ್ರಿ ಎಲಿ ಏನ ಮಾಡತೈತಿ?” ಹುಡುಗ ಫಲಕದ ಕಡೆಗೆ ನೋಡಿದ. ಅದು ಆಗಲೇ ಆರಿತ್ತು. ಕಿಟಕಿಯ ಹೊರಗೆ ಒಂದು ಬೇವಿನ ಮರವಿತ್ತು. ಆ ಕಡೆ ಯಾರೂ ನೋಡಲಿಲ್ಲ. ಪಾಠಗಳನ್ನು ಪೂರೈಸುವ ಸಂಸ್ಥೆಗೆ ವರ್ಷವರ್ಷವೂ ಹಣ ತೆರಬೇಕಂತೆ, ತೆರದಿದ್ದರೆ ಪಾಠಗಳು ಮುಚ್ಚಿಕೊಳ್ಳುತ್ತವಂತೆ. ದಾನಿಗಳ ಪತ್ರದಲ್ಲಿ ಈ ಮಾತು ಇರಲಿಲ್ಲ.

ಎರಡನೆಯದು ಸರಕಾರಿ ಪ್ರೌಢಶಾಲೆ. ಅದರ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಹತ್ತು ಗಣಕಯಂತ್ರಗಳು, ಹತ್ತಕ್ಕೂ ಹೊದಿಕೆ, ಕೋಣೆಗೆ ಬೀಗ. ಬ್ಯಾಟರಿ ಸತ್ತು ಎರಡು ವರ್ಷ. ಗುತ್ತಿಗೆಯ ಮೇಲೆ ಬಂದಿದ್ದ ಗಣಕ ಶಿಕ್ಷಕರು ಅವಧಿ ತೀರಿ ಹೋಗಿದ್ದರು. ಕೀಲಿಕೈ ಹುಡುಕುವುದಕ್ಕೇ ಕಾಲು ಗಂಟೆ ಹಿಡಿಯಿತು. ಮುಖ್ಯೋಪಾಧ್ಯಾಯರು ಸಜ್ಜನರು, ನಾಚಿಕೊಂಡರು. ನಾಚಬೇಕಾದವರು ಅವರೊಬ್ಬರೇ ಅಲ್ಲ.

ಮೂರನೆಯ ಶಾಲೆ ನಮ್ಮ ಪಟ್ಟಿಯಲ್ಲಿ ಇರಲಿಲ್ಲ. ದಾರಿಯಲ್ಲಿ ಚಹಕ್ಕೆ ನಿಂತ ಊರಿನಲ್ಲಿ, ನನ್ನ ಮಿತ್ರರ ಹಳೆಯ ಶಿಷ್ಯೆಯೊಬ್ಬಳು ಅಲ್ಲಿನ ಹಿರಿಯ ಪ್ರಾಥಮಿಕ ಶಾಲೆಯ ಶಿಕ್ಷಕಿಯೆಂದು ತಿಳಿದು ಒಳಗೆ ಹೋದೆವು. ಹಳೆಯ ವಿದ್ಯಾರ್ಥಿಗಳು ಕೊಟ್ಟ ಒಂದು ಪ್ರೊಜೆಕ್ಟರ್, ಆಕೆಯ ಸ್ವಂತ ಫೋನು, ಸುಣ್ಣ ಬಳಿದ ಗೋಡೆ. ಸಾಧನ ಇಷ್ಟೇ. ಏಳನೆಯ ಇಯತ್ತೆಯ ಮಕ್ಕಳು ಅಮಾವಾಸ್ಯೆಯ ಮೂರನೆಯ ದಿನದಿಂದ ಹತ್ತು ಸಂಜೆ, ಒಂದೇ ಹೊತ್ತಿಗೆ, ಶಾಲೆಯ ಕಟ್ಟೆಯ ಮೇಲೆ ಒಂದೇ ಜಾಗದಲ್ಲಿ ನಿಂತು ಚಂದ್ರನ ಚಿತ್ರ ತೆಗೆದಿದ್ದರು. ಆ ಹತ್ತನ್ನೂ ಆಕೆ ಗೋಡೆಯ ಮೇಲೆ ಸಾಲಾಗಿ ಮೂಡಿಸಿದಳು. ಮೊದಲ ಸಂಜೆ ಪಡುವಣದ ಜಾಲಿಮರದ ಮೇಲಿದ್ದ ಎಳೆಯ ಚಂದ್ರ ದಿನದಿನಕ್ಕೆ ಬೆಳೆಯುತ್ತ ಮೂಡಣದ ಕಡೆಗೆ ಸರಿದು ಹೋಗಿದ್ದ. ಹತ್ತು ದಿನದ ಆಕಾಶವನ್ನು ಒಂದೇ ನೋಟದಲ್ಲಿ ನಿಲ್ಲಿಸುವುದು ಕರಿಹಲಗೆಯಿಂದ ಆಗದು; ಇಲ್ಲಿ ಯಂತ್ರ ತನ್ನ ಕೆಲಸ ಮಾಡಿತು ಎಂದು ನಾನು ಒಪ್ಪಿದೆ.

ಅಷ್ಟಕ್ಕೆ ಆಕೆ ಅದನ್ನು ಆರಿಸಿಬಿಟ್ಟಳು. “ಯಾಕ ಹಿಂಗಾತು?” ಎಂದು ಕೇಳಿದಳು. ಒಬ್ಬ ಹುಡುಗ ಎದ್ದು, ಭೂಮಿಯ ನೆರಳು ಬೀಳುವುದರಿಂದ ಎಂದ. ಅದು ತಪ್ಪು. ನೆರಳು ಬೀಳುವುದು ಗ್ರಹಣದಲ್ಲಿ. ಆಕೆ ತಪ್ಪೆನ್ನಲಿಲ್ಲ, ಕಿಟಕಿ ಮುಚ್ಚಿಸಿ, ಮೂಲೆಯಲ್ಲಿ ಒಂದು ದೀಪ ಹೊತ್ತಿಸಿ, ಕಡ್ಡಿಗೆ ಚುಚ್ಚಿದ ನಿಂಬೆಹಣ್ಣನ್ನು ಅವನ ಕೈಗೆ ಕೊಟ್ಟು ನಿಂತಲ್ಲೇ ಮೆಲ್ಲಗೆ ತಿರುಗೆಂದಳು. ಅವನ ತಲೆಯೇ ಭೂಮಿ. ಸುತ್ತು ಅರ್ಧವಾಗುವುದರೊಳಗೆ, “ನೆಳ್ಳ ಅಲ್ರಿ ಟೀಚರ್, ಬೆಳಕ ಬಿದ್ದ ಬಾಜೂನ ಚೂರ ಚೂರ ಕಾಣತೈತ್ರಿ!” ಎಂದು ಕೂಗಿದ. ನಾನೂ ಹಣ್ಣು ಇಸಿದುಕೊಂಡು ತಿರುಗಿ ನೋಡಿದೆ. ಪಂಚಾಂಗ ನೋಡುತ್ತ ಮುದುಕನಾದವನು ನಾನು. ಹೀಗೆ ನೋಡಿದ್ದು ಅದೇ ಮೊದಲು.

ಹೊರಡುವಾಗ ಒಬ್ಬ ಬಾಲಕಿ ಹತ್ತಿರ ಬಂದು, “ಅಜ್ಜಾರ, ನೀವು ಫೋನಿನ್ಯಾಗ ಕನ್ನಡ ಬರೀತೀರೇನ್ರಿ?” ಎಂದಳು. ಇಲ್ಲವೆನ್ನಬೇಕಾಯಿತು. ಆ ಮಕ್ಕಳು ತಮ್ಮ ಅಜ್ಜಿಯರ ಬೀಸುಕಲ್ಲಿನ ಪದಗಳನ್ನು ಫೋನಿನಲ್ಲಿ ಹಿಡಿದು, ಕೇಳಿ ಕೇಳಿ ಬೆರಳಚ್ಚು ಮಾಡುತ್ತಿದ್ದರು. ಗಣಕದಲ್ಲಿ ಕನ್ನಡಕ್ಕೆ ಸರಕಾರ ಮಾನ್ಯ ಮಾಡಿದ ಕೀಲಿಮಣೆಯ ವಿನ್ಯಾಸ ಕೆ. ಪಿ. ರಾವ್ ಅವರದೆಂಬುದು ನನಗೆ ಗೊತ್ತಿತ್ತು. ಬಳಸಲು ಮಾತ್ರ ಬರುತ್ತಿರಲಿಲ್ಲ. “ಒತ್ತಕ್ಷರ ಸರಳ ಐತ್ರಿ. ಮೊದಲ ಕ, ಆಮ್ಯಾಲ ಈ ಕೊಂಡಿ, ಆಮ್ಯಾಲ ಷ” ಎಂದು ನನ್ನ ಬೆರಳು ಹಿಡಿದು ‘ಕ್ಷ’ ಬರೆಸಿದಳು.

ಮರಳುವಾಗ ಮಿತ್ರರು 2020ರ ಮಾತು ತೆಗೆದರು. ಆ ವರ್ಷದ ಮಾರ್ಚಿಯಲ್ಲಿ ಶಾಲೆಗಳು ಮುಚ್ಚಿದಾಗ ಚಂದನ ವಾಹಿನಿಯಲ್ಲಿ ಪಾಠ ಬಂದವು, ಫೋನಿನಲ್ಲಿಯೂ ಬಂದವು. ಮನೆಗೊಂದು ಫೋನು, ಅದು ಹೊಲಕ್ಕೆ ಹೋದ ತಂದೆಯ ಕಿಸೆಯಲ್ಲಿ. ಕೊನೆಗೆ ‘ವಿದ್ಯಾಗಮ’ವೆಂದು ಶಿಕ್ಷಕರೇ ಓಣಿಗಳಿಗೆ ಬಂದು ಗುಡಿಯ ಕಟ್ಟೆಗಳ ಮೇಲೆ ಮಕ್ಕಳನ್ನು ಕೂಡ್ರಿಸಿಕೊಂಡರು. ತಂತ್ರಜ್ಞಾನವು ಯಾರ ಷರತ್ತಿನ ಮೇಲೆ ಶಾಲೆಯೊಳಗೆ ಬರಬೇಕೆಂದು ಯುನೆಸ್ಕೊ 2023ರಲ್ಲಿ ತನ್ನ ಶಿಕ್ಷಣ ವರದಿಯ ತಲೆಬರಹದಲ್ಲಿಯೇ ಕೇಳಿತು. ನಮ್ಮ ಓಣಿಯ ತಾಯಂದಿರು ಅದನ್ನು ಮೂರು ವರ್ಷ ಮೊದಲೇ ಕೇಳಿದ್ದರು.

ನಾವು ಮಂಡಳಿಗೆ ಬರೆದುಕೊಟ್ಟದ್ದು ಎರಡು ಪುಟ. ಎಂಟು ಫಲಕ ಬೇಡ; ಎರಡು ಪ್ರೊಜೆಕ್ಟರ್ ಸಾಕು. ಉಳಿದ ಹಣದಲ್ಲಿ ಸೌರವಿದ್ಯುತ್ತು, ಬ್ಯಾಟರಿ, ಅವುಗಳ ದುರಸ್ತಿಗೆ ಮೀಸಲು ನಿಧಿ, ನಾಲ್ವರು ಶಿಕ್ಷಕರಿಗೆ ಆ ಹಳ್ಳಿಯ ಶಾಲೆಯಲ್ಲಿ ಒಂದು ವಾರ ಕುಳಿತು ನೋಡುವ ಅವಕಾಶ.

ಪತ್ರ ಓದಿದ ದಾನಿಗಳ ಮುಖ ಸಣ್ಣದಾಯಿತು. “ಶಾಸ್ತ್ರಿಗಳ, ನಮ್ಮವ್ವ ಸಾಲಿ ಕಲತಾಕಿ ಅಲ್ಲ. ಒಂದೊಂದು ಕೋಣ್ಯಾಗ ಆಕಿ ಹೆಸರ ಇರಲಿ ಅಂತ ನನ್ನ ಆಸೆ. ಬ್ಯಾಟರಿ ಮ್ಯಾಲ ಬರಸಲ್ಯಾ?” ಎಂದರು. ಉತ್ತರ ನನ್ನ ಬಳಿ ಇರಲಿಲ್ಲ. ನಿಂಬೆಹಣ್ಣಿನ ಹುಡುಗನ ಕಥೆ ಹೇಳಿದೆ. ಅವರು ಬಹಳ ಹೊತ್ತು ಕೇಳಿದರು, ಒಪ್ಪಿದೆನೆಂದು ಹೇಳಲಿಲ್ಲ. ಎದ್ದು ಹೋಗುವಾಗ ಬಾಗಿಲಲ್ಲಿ ನಿಂತು, ಆ ಊರಿಗೆ ಯಾವ ದಾರಿಯಿಂದ ಹೋಗಬೇಕೆಂದು ಕೇಳಿದರು. ಬರುವ ಸೋಮವಾರ ಅವರ ಕಾರಿನಲ್ಲಿ ನಾವು ಮೂವರೂ ಹೊರಡುವವರಿದ್ದೇವೆ.